ಹದಿನೈದು ಲಕ್ಷದ ಡ್ರೈವರು, ಇಪ್ಪತ್ತು ಸಾವಿರದ ಕಾರು

ನಮ್ಮ ಮನೆಯ ಫಿಯಟ್‌ಗೆ ಮೂರು ವಯಸ್ಸು. ಹಳೆಯ ಮೋಟಾರು ವಿಮಾ ಸುಂಕಪಟ್ಟಿಯ ಪ್ರಕಾರ ‘ವಿಂಟೇಜ್’ ಎನಿಸಿಕೊಳ್ಳಬೇಕಾದರೆ ಕಾರು 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾಗಿರಬೇಕು. ಆ ಲೆಕ್ಕದಲ್ಲಿ 1968ರ ನಮ್ಮ ಗಾಡಿ ಇನ್ನೂ ತೊಟ್ಟಿಲ ಕೂಸು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದರೆ ಸಾಕು, ವಿಂಟೇಜ್. ಆ ಲೆಕ್ಕದಲ್ಲಿ ಅದು ಅಜ್ಜಿ. ಇನ್ನು ವಿಮಾ ಕಂಪನಿಯ ಸವಕಳಿ ಪಟ್ಟಿ ಐದನೆಯ ವರ್ಷಕ್ಕೇ ಮುಗಿದುಹೋಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಕಾರು ತೀರಿಕೊಂಡು ಅರ್ಧ ಶತಮಾನ ಕಳೆಯಿತು. ನಾವೇ ಇನ್ನೂ ಮಣ್ಣು ಮಾಡಿಲ್ಲ, ಅಷ್ಟೆ.

ಇದು ಮೂಲದಲ್ಲಿ ನನ್ನ ಸೋದರಮಾವನ ಕಾರು. ಮಾವ ಹಾಸನದ ಕಡೆ ಡಾಕ್ಟರು. ಆಗೆಲ್ಲ ಸರ್ಕಾರಿ ಸಾಹೇಬರಿಗೆ ಅಂಬಾಸಿಡರ್, ಕಾಫಿ ತೋಟದವರಿಗೆ ಜೀಪು, ಡಾಕ್ಟರಿಗೆ ಫಿಯಟ್ ಎಂದು ಯಾರೋ ಕೂತು ಹಂಚಿಕೊಟ್ಟ ಹಾಗಿತ್ತು. ದುಡ್ಡಿದ್ದರೂ ಕಾರು ಸಿಗುತ್ತಿರಲಿಲ್ಲ; ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಿಂದ ಹೊರಟ ಫಿಯಟ್ 1100 ಡಿಲೈಟ್ ಮಾವನ ಅಂಗಳಕ್ಕೆ ಬರುವ ಹೊತ್ತಿಗೆ ಅತ್ತೆಗೆ ಎರಡು ಹೆರಿಗೆ ಆಗಿತ್ತಂತೆ. ಇದೇ ಕಾರು ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು ದೇಶವೆಲ್ಲ ಓಡಾಡಿತು. ಹಾಗಾಗಿ ನಮ್ಮ ಬೀದಿಯವರು ಇದನ್ನೂ ಪದ್ಮಿನಿ ಎಂದೇ ಕರೆಯುವುದು. 1089 ಸಿಸಿ ಎಂಜಿನ್ನು, ಸ್ಟಿಯರಿಂಗಿಗೆ ಅಂಟಿಕೊಂಡ ಗೇರು, ಕಿಟಕಿಯ ಮೂಲೆಯಲ್ಲಿ ತಿರುಗಿಸಿದರೆ ಮುಖಕ್ಕೆ ಗಾಳಿ ಹೊಡೆಯುವ ತ್ರಿಕೋನದ ಗಾಜು. ಚೋಕು ಎಷ್ಟು ಎಳೆಯಬೇಕು ಎಂಬುದು ಮಾವನಿಗೆ ಗೊತ್ತಿತ್ತು, ಈಗ ನನಗೆ ಗೊತ್ತು. ಮೂರನೆಯವರಿಗೆ ಹೇಳಿಕೊಡುವ ಉದ್ದೇಶ ಸದ್ಯಕ್ಕಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ಕೀಲಿಕೈ ನನ್ನ ಕೈಗೆ ಹಾಕಿದರು. “ನೀನೇ ಇಟ್ಕೊಳಪ್ಪ, ಅಮೆರಿಕದವರಿಗೆ ಇದರಲ್ಲಿ ಕೂರೋ ವ್ಯವಧಾನ ಇಲ್ಲ” ಎಂದರು, ತಮ್ಮ ಮಕ್ಕಳನ್ನು ಕುರಿತು. ಕಣ್ಣೀರು ಒರೆಸಿಕೊಳ್ಳುವುದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ ಎಂದು ನಮ್ಮ ಏಜೆಂಟರು ಎಚ್ಚರಿಸಿದರು. ಪಾಲಿಸಿದಾರ ಸತ್ತರೆ ಮೋಟಾರು ಪಾಲಿಸಿ ಮೂರು ತಿಂಗಳು ಅಥವಾ ಅವಧಿ ಮುಗಿಯುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಉಸಿರಾಡುತ್ತದೆ. ಅಷ್ಟರೊಳಗೆ ಫಾರಂ 31 ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿಯನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕು. ಮಾವನ ವೈಕುಂಠ ಸಮಾರಾಧನೆಯ ಕರೆಯೋಲೆಗಿಂತ ಮೊದಲು ಅತ್ತೆ ಆ ಫಾರಮ್ಮಿಗೆ ಸಹಿ ಹಾಕಿದರು. ಆರ್‌ಸಿ ಅವರ ಹೆಸರಿಗೆ ಬಂದು, ಅಲ್ಲಿಂದ ನನ್ನ ಹೆಸರಿಗೆ ದಾಟಿತು.

ಆಮೇಲೆ ಶುರುವಾಯಿತು ನೋಡಿ, ವಿಮೆಯ ಪುರಾಣ.

ಮೊದಲು ಫೋನಿನಲ್ಲೇ ಮುಗಿಸೋಣ ಎಂದುಕೊಂಡೆ. ಆ ಕಡೆ ಇದ್ದ ಹುಡುಗಿಯದು ಬಹಳ ವಿನಯದ ದನಿ.

“ಸಾರ್, ಯಾವ ಮಾಡೆಲ್?”

“ಫಿಯಟ್ 1100 ಡಿಲೈಟ್.”

ಕೀಬೋರ್ಡು ಟಪಟಪ ಅಂದಿತು. “ಪುಂಟೊನಾ ಸಾರ್, ಲಿನಿಯಾನಾ?”

“ಎರಡೂ ಅಲ್ಲಮ್ಮ. ಅವೆರಡರ ಮುತ್ತಜ್ಜಿ.”

“ಮುತ್ತಜ್ಜಿ... ಆ ವೇರಿಯಂಟ್ ಲಿಸ್ಟಲ್ಲಿ ಬರ್ತಿಲ್ಲ ಸಾರ್. ವರ್ಷ ಯಾವ್ದು?”

“1968.”

“ಅಷ್ಟು ಹಿಂದಕ್ಕೆ ಹೋಗ್ತಾನೇ ಇಲ್ಲ ಸಾರ್ ಇದು. 1990 ಹಾಕ್ಲಾ?”

“ಬೇಡಮ್ಮ. ನಾಳೆ ಕ್ಲೇಮು ಕೇಳಿದಾಗ ನಿಮ್ಮವರೇ ಸುಳ್ಳು ಹೇಳಿದೆ ಅಂತ ತಳ್ಳಿಹಾಕ್ತಾರೆ.”

“ಏರ್‌ಬ್ಯಾಗ್ ಎಷ್ಟಿದೆ ಸಾರ್?”

“ಇಲ್ಲ.”

“ಎಬಿಎಸ್?”

“ಇಲ್ಲ. ಬರೀ ಬ್ರೇಕ್ ಇದೆ.”

“ಸನ್‌ರೂಫ್?”

“ಮಳೆ ಬಂದಾಗ ಇದೆ ಅನ್ಸುತ್ತೆ.”

ಹುಡುಗಿ ನಕ್ಕಳು, ಕಂಪ್ಯೂಟರು ನಗಲಿಲ್ಲ. ಕೊನೆಗೆ ಅವಳು ತನ್ನ ಮೇಲಿನವರನ್ನು ಕೇಳಿ, ಕಾರಿನ ಐಡಿವಿ 20,000 ರೂಪಾಯಿ ಎಂದು ತಿಳಿಸಿದಳು. ಹೋದ ವರ್ಷ ಅದರ ನಾಲ್ಕು ಟೈರು ಬದಲಾಯಿಸಿದ ಬಿಲ್ಲು ನನ್ನ ಜೇಬಿನಲ್ಲೇ ಇತ್ತು. ಟೈರು ಬಿಟ್ಟು ಮಿಕ್ಕದ್ದೆಲ್ಲ ಉಚಿತ ಎಂದು ಅವರ ಅಭಿಪ್ರಾಯವಿರಬೇಕು.

ಐಡಿವಿ ಎಂದರೆ ಕಾರು ಕಳುವಾದರೆ, ಇಲ್ಲವೇ ಪೂರ್ತಿ ನಜ್ಜುಗುಜ್ಜಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ. ಹೊಸ ಕಾರಿಗೆ ಇದರ ಲೆಕ್ಕ ಸಲೀಸು. ಷೋರೂಮಿನ ಬೆಲೆಯಿಂದ ಆರು ತಿಂಗಳೊಳಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡು ವರ್ಷದೊಳಗೆ ಶೇ 20, ಹೀಗೆ ಕಳೆಯುತ್ತಾ ನಾಲ್ಕು ದಾಟಿ ಐದು ವರ್ಷದೊಳಗೆ ಶೇ 50ಕ್ಕೆ ಬಂದು ಪಟ್ಟಿ ನಿಲ್ಲುತ್ತದೆ. ಅದರಾಚೆಗೆ, ಮತ್ತು ಕಾರ್ಖಾನೆಯೇ ತಯಾರಿಸುವುದನ್ನು ಬಿಟ್ಟ ಮಾಡೆಲ್‌ಗಳಿಗೆ, ಕಂಪನಿ ಮತ್ತು ಗ್ರಾಹಕ ಇಬ್ಬರೂ ಮಾತಾಡಿಕೊಂಡು ಬೆಲೆ ನಿಗದಿ ಮಾಡಬೇಕು. ಇಡೀ ಪಾಲಿಸಿಯಲ್ಲಿ ನಮ್ಮಂಥವರ ಕೈಗೆ ಸಿಕ್ಕಿರುವ ಒಂದೇ ಹಗ್ಗ ಇದು. ಆದರೆ ಮಾತಾಡಿಕೊಳ್ಳಬೇಕು ಎಂದು ನಮಗೆ ಯಾರೂ ಹೇಳುವುದಿಲ್ಲ. ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡು, ಒಪ್ಪಿಕೊಂಡು, ಅಂಕಿ ಛಾಪಿಸಿಬಿಡುತ್ತದೆ.

ಫೋನಿನ ಹುಡುಗಿ ಕಳಿಸಿದ ಕೊಟೇಷನ್ನನ್ನು ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಓದಿದಳು. ಅದರ ಇನ್ನೊಂದು ಸಾಲಿನಲ್ಲಿ, ಮಾಲೀಕನೇ ಡ್ರೈವರಾಗಿದ್ದು ಅಪಘಾತದಲ್ಲಿ ಸತ್ತರೆ 15 ಲಕ್ಷ ಎಂದಿತ್ತು. ಇದು ಕಡ್ಡಾಯದ ವೈಯಕ್ತಿಕ ಅಪಘಾತ ವಿಮೆ. ಯಾವ ಕಾರಿಗಾದರೂ ಇಷ್ಟೇ.

“ರೀ, ಇಲ್ನೋಡಿ. ಕಾರಿಗೆ 20 ಸಾವಿರ, ನಿಮಗೆ 15 ಲಕ್ಷ.”

“ಹೌದು.”

“ಕಾರಿನ ಬೆಲೆ ಕಮ್ಮಿ ಆಯ್ತು ಅಂತ ಬೆಳಗ್ಗೆಯಿಂದ ಕೂಗಾಡ್ತಿದ್ದೀರಲ್ಲ, ನಿಮ್ಮ ಬೆಲೆ ಜಾಸ್ತಿ ಆಯ್ತು ಅಂತ ಯಾಕೆ ಫೋನ್ ಮಾಡಿ ಹೇಳ್ಲಿಲ್ಲ?”

ನನ್ನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ತಯಾರಾದ ವರ್ಷ ನೋಡಿದರೆ ನಾನು ಕಾರಿಗಿಂತ ಹಳಬ. ಸವಕಳಿ ಪಟ್ಟಿ ಮನುಷ್ಯರಿಗೆ ಅನ್ವಯವಾಗದಿರುವುದು ನನ್ನ ಪುಣ್ಯ.

20 ಸಾವಿರವಾದರೇನು, ಸಣ್ಣಪುಟ್ಟ ಪೆಟ್ಟಿಗೆ ಸಾಲುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬನ್ನಿ, ಲೆಕ್ಕ ಹಾಕೋಣ. ನಮ್ಮ ಮೈಸೂರಿನ ಅಗ್ರಹಾರದ ಸರ್ಕಲ್ಲಿನಲ್ಲಿ ಒಬ್ಬ ಆಟೋದವನು ಮುಂದಿನ ಎಡಮೂಲೆಗೆ ಗುದ್ದಿದ ಎಂದಿಟ್ಟುಕೊಳ್ಳಿ. ಬಂಪರು, ಫೆಂಡರು ಸೇರಿ 12,000. ರಬ್ಬರ್ ಬೀಡಿಂಗು 2,000. ಬಣ್ಣದ ಸಾಮಾನು 6,000. ಟಿಂಕರಿಂಗ್, ಪೇಂಟಿಂಗ್ ಕೂಲಿ 8,000. ಒಟ್ಟು 28,000. ಈಗ ಕಂಪನಿಯ ಕತ್ತರಿ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ ಅರ್ಧ ಸವಕಳಿ, ರಬ್ಬರಿಗೆ ಯಾವ ವಯಸ್ಸಿನಲ್ಲೂ ಅರ್ಧ, ಬಣ್ಣದ ಸಾಮಾನಿಗೂ ಅರ್ಧ. ಕೂಲಿ ಮಾತ್ರ ಪೂರ್ತಿ. ಅಲ್ಲಿಗೆ 18,000. 1500 ಸಿಸಿವರೆಗಿನ ಕಾರಿಗೆ ನಾವೇ ಭರಿಸಬೇಕಾದ ಕಡ್ಡಾಯದ 1,000 ಕಳೆದರೆ 17,000. ಪರವಾಗಿಲ್ಲವಲ್ಲ ಎನ್ನುತ್ತೀರಿ. ತಾಳಿ. ಕಂಪನಿ ಕೊಡಬೇಕಾದ ದುರಸ್ತಿಯ ಖರ್ಚು ಐಡಿವಿಯ ಶೇ 75 ದಾಟಿದರೆ ಕಾರು ‘ಟೋಟಲ್ ಲಾಸ್’. 20,000ಕ್ಕೆ ಶೇ 75 ಎಂದರೆ 15,000. ಆಟೋದವನು ಮೂಲೆ ತರಚಿದ ತಪ್ಪಿಗೆ ನಮ್ಮ ಪದ್ಮಿನಿ ಕಾಗದದ ಮೇಲೆ ಸತ್ತುಹೋಯಿತು! ಕಂಪನಿಯವರು 19,000 ರೂಪಾಯಿ ಕೊಟ್ಟು ಕಾರನ್ನು ಎಳೆದುಕೊಂಡು ಹೋಗಬಹುದು. ನಾವೇ ಇಟ್ಟುಕೊಳ್ಳುತ್ತೇವೆ ಎಂದರೆ ಗುಜರಿಯ ಬೆಲೆ ಮುರಿದುಕೊಂಡು ಮಿಕ್ಕದ್ದು ಕೊಡುತ್ತಾರೆ.

ಈ ಲೆಕ್ಕವನ್ನು ಲಷ್ಕರ್ ಮೊಹಲ್ಲಾದ ನಮ್ಮ ಮೆಕ್ಯಾನಿಕ್ ಸಾಹೇಬರಿಗೆ ತೋರಿಸಿದೆ. ಅವರು ಕಾರ್ಬುರೇಟರ್ ಬಿಚ್ಚುತ್ತಿದ್ದವರು ತಲೆ ಎತ್ತದೆಯೇ ಹೇಳಿದರು: “ಇದರ ಒಂದು ಬಂಪರ್ ಹುಡುಕೋಕೆ ಬೆಂಗಳೂರಿನ ಶಿವಾಜಿನಗರ, ಜೆ.ಸಿ. ರೋಡು ಎಲ್ಲಾ ಸುತ್ತಿ ಬಂದಿದ್ದೀನಿ ಸಾರ್. ಆ ಬಸ್ ಚಾರ್ಜ್ ಯಾರ್ ಕೊಡ್ತಾರೆ, ಕೇಳಿ.” ಯಾರೂ ಕೊಡುವುದಿಲ್ಲ.

ಪಾಲಿಸಿಯ ಕೊನೆಯ ಪುಟಗಳನ್ನು ಓದುವ ದುರಭ್ಯಾಸ ನನಗಿದೆ. ಖಾಸಗಿ ಕಾರಿನ ಪಾಲಿಸಿ ಯಾವ ಯಾವುದಕ್ಕೆ ನಡೆಯುವುದಿಲ್ಲ ಎಂಬ ಪಟ್ಟಿ ಅಲ್ಲಿರುತ್ತದೆ. ಬಾಡಿಗೆಗೆ ಬಿಡುವಂತಿಲ್ಲ. ಸಂಘಟಿತ ರೇಸಿನಲ್ಲಿ ಓಡಿಸುವಂತಿಲ್ಲ. ವೇಗದ ಪರೀಕ್ಷೆ ಮಾಡುವಂತಿಲ್ಲ. ಇದನ್ನು ಓದಿ ಮನೆಯವರೆಲ್ಲ ನಕ್ಕರು. ನಂತರ ‘ರಿಲಯಬಿಲಿಟಿ ಟ್ರಯಲ್’ ಮಾಡುವಂತಿಲ್ಲ ಎಂದಿತ್ತು. ಅಂದರೆ ಕಾರು ನಂಬಿಕೆಗೆ ಅರ್ಹವೋ ಅಲ್ಲವೋ ಎಂದು ಪರೀಕ್ಷಿಸುವ ಓಟ. ಇಲ್ಲಿ ನಗು ನಿಂತಿತು. ನಮ್ಮ ಕಾರು ಗೇಟು ದಾಟುವುದೇ ಒಂದು ರಿಲಯಬಿಲಿಟಿ ಟ್ರಯಲ್ಲು. ಚಾಮುಂಡಿ ಬೆಟ್ಟಕ್ಕೆ ಹೊರಟರಂತೂ ಮನೆಯವರು ಊಟದ ಡಬ್ಬಿ ಕಟ್ಟಿಕೊಡುತ್ತಾರೆ. ಹಾಗೆ ನೋಡಿದರೆ ಈ ಪಾಲಿಸಿ ನಮಗೆ ಶೆಡ್ಡಿನೊಳಗೆ ಮಾತ್ರ ಊರ್ಜಿತ.

ಬಾಡಿಗೆಯ ವಿಷಯವೂ ತಮಾಷೆಯಲ್ಲ. ಹಳೆ ಕಾರಿರುವ ಮನೆಗೆ ಮದುವೆ ಕಾಲದಲ್ಲಿ ಜನ ಬರುತ್ತಾರೆ: ಮದುಮಗ ಇದರಲ್ಲೇ ಇಳಿಯಬೇಕಂತೆ, ಹೂವು ನಾವೇ ಕಟ್ಟುತ್ತೇವೆ ಅಂತ. ಸಿನಿಮಾದವರೂ ಬರುತ್ತಾರೆ: ಎಪ್ಪತ್ತರ ದಶಕದ ಕಥೆ, ಹೀರೋ ಕಾರಿನ ಬಾನೆಟ್ಟಿನ ಮೇಲೆ ಒಂದು ಹಾಡು ಹಾಡುತ್ತಾನೆ, ಅಷ್ಟೇ. ದುಡ್ಡು ಮುಟ್ಟಿದ ಕ್ಷಣದಿಂದ ಅದು ಬಾಡಿಗೆಯೇ. ಆ ಹೊತ್ತಿನಲ್ಲಿ ಏನೇ ಆದರೂ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಹೀರೋಗಳ ತೂಕ ನೋಡಿದರೆ ಏನಾದರೂ ಆಗುವ ಸಂಭವವೇ ಹೆಚ್ಚು.

ಏಜೆಂಟರು ಇನ್ನೊಂದು ದಾರಿ ತೋರಿಸಿದರು. “ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿಬಿಡಿ ಸ್ವಾಮಿ. ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧಕ್ಕರ್ಧ ಇಳಿಯುತ್ತೆ.” ಮಾತು ನಿಜ. 1000ದಿಂದ 1500 ಸಿಸಿ ಒಳಗಿನ ಖಾಸಗಿ ಕಾರಿನ ಥರ್ಡ್ ಪಾರ್ಟಿ ದರವನ್ನು 2022ರಲ್ಲಿ 3,416 ರೂಪಾಯಿಗೆ ನಿಗದಿ ಮಾಡಿದಾಗಲೇ, ವಿಂಟೇಜ್ ಎಂದು ನೋಂದಾಯಿಸಿದ ಕಾರಿಗೆ ಶೇ 50 ರಿಯಾಯಿತಿ ಎಂದು ಸೇರಿಸಿದರು. ಎಂಜಿನ್ನು, ಚಾಸಿಸ್ಸು, ಬಾಡಿ ಮೂಲದ್ದೇ ಇರಬೇಕು; ನಮ್ಮದು ಇದೆ. ಮೊದಲೇ ನೋಂದಣಿಯಾದ ಕಾರಿಗೆ ಹಳೆಯ ನಂಬರನ್ನೇ ಉಳಿಸಿಕೊಡುತ್ತಾರೆ. ಎಂವೈ ಎಂದು ಶುರುವಾಗುವ ಮಾವನ ನಂಬರ್ ಪ್ಲೇಟು ಹೋಗುವುದಿಲ್ಲ. ಎಲ್ಲ ಸರಿ. ಆದರೆ ನಿಯಮದ ಹೊಟ್ಟೆಯಲ್ಲಿ ಒಂದು ಮುಳ್ಳಿದೆ. ವಿಂಟೇಜ್ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು.

ನಾನೋ, ಭಾನುವಾರ ದೇವರಾಜ ಮಾರುಕಟ್ಟೆಗೆ ಇದೇ ಕಾರಿನಲ್ಲಿ ಹೋಗುವವನು. ಹಿಂದಿನ ಸೀಟಿನಲ್ಲಿ ಬಾಳೆಗೊನೆ, ನಂಜನಗೂಡು ರಸಬಾಳೆ ಸಿಕ್ಕಿದರೆ ಅದು ಮುಂದಿನ ಸೀಟಿನಲ್ಲಿ. ಪೊಲೀಸಿನವರು ತಡೆದು ಇದೇನು ಎಂದು ಕೇಳಿದರೆ ಬದನೆಕಾಯಿಯ ತಾಂತ್ರಿಕ ಸಂಶೋಧನೆ ಎನ್ನಲೇ? ಪ್ರತಿ ವಾರವೂ ರಿಪೇರಿಗೆ ಹೊರಟಿದ್ದೇನೆ ಎಂದು ಹೇಳಿದರೆ ಅದು ಹೆಚ್ಚುಕಡಿಮೆ ಸತ್ಯವೇ ಆಗಿರುತ್ತದೆ. ಆದರೂ 1,708 ರೂಪಾಯಿ ಉಳಿಸಲು ಮಾರ್ಕೆಟ್ಟಿನ ಸುಖ ಬಿಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ನಮ್ಮವಳಿಗೆ ಮಾತ್ರ ಇದರಲ್ಲಿ ಬೇರೆಯೇ ಆಸೆ. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಕಾರು ಮ್ಯೂಸಿಯಂ ನೋಡಿ ಬಂದಾಗಿನಿಂದ, “ಅಲ್ಲಿ ಎಷ್ಟು ಚೆನ್ನಾಗಿ ಒರೆಸಿ ಇಟ್ಟಿದ್ದಾರೆ ನೋಡಿ, ಕೊಟ್ಟುಬಿಡಿ ಅವರಿಗೆ” ಎನ್ನುತ್ತಿದ್ದಾಳೆ. ಕಾರನ್ನು ಕೊಡಲೋ ನನ್ನನ್ನು ಕೊಡಲೋ ಎಂದು ಸ್ಪಷ್ಟಪಡಿಸಿಲ್ಲ.

ಅಕ್ಕನ ಮಗ ಮಿಷಿಗನ್‌ನಲ್ಲಿದ್ದಾನೆ. ಅವನೂ ಒಂದು ಹಳೆಯ ಮಸ್ಟಾಂಗ್ ಸಾಕಿಕೊಂಡಿದ್ದಾನೆ. ಅಲ್ಲಿ ಹಳೆ ಕಾರುಗಳಿಗೇ ಮೀಸಲಾದ ವಿಮೆಯಿದೆ. ಹ್ಯಾಗರ್ಟಿ ಎಂಬ ಕಂಪನಿ ಆ ರಾಜ್ಯದ್ದೇ. 1984ರಲ್ಲಿ ಮರದ ದೋಣಿಗಳಿಗೆ ವಿಮೆ ಮಾಡಿಸುತ್ತ ಶುರುವಾಗಿ ಆಮೇಲೆ ಕಾರಿಗೆ ಬಂದದ್ದು. “ಮಾಮ, ಇಲ್ಲಿ ಸವಕಳಿ ಗಿವಕಳಿ ಏನೂ ಇಲ್ಲ. ಕಾರಿನ ಬೆಲೆ ಇಷ್ಟು ಅಂತ ಮೊದಲೇ ಇಬ್ಬರೂ ಒಪ್ಪಿ ಬರ್ಕೋತೀವಿ. ಪೂರ್ತಿ ಹೋದ್ರೆ ಅಷ್ಟೂ ಕೊಡ್ತಾರೆ.” ಬದಲಿಗೆ ಅವರ ಕರಾರುಗಳು: ದಿನಾ ಓಡಾಡಲು ಬೇರೆ ಕಾರಿರಬೇಕು, ಹಳೆಯದನ್ನು ಬೀಗ ಹಾಕಿದ ಗ್ಯಾರೇಜಿನಲ್ಲಿಡಬೇಕು, ಆಫೀಸಿಗೆ ಒಯ್ಯಬಾರದು. “ಪ್ರೀಮಿಯಂ ನನ್ನ ಹೊಸ ಕಾರಿಗಿಂತ ಕಮ್ಮಿ” ಎಂದ. ಹಳೆ ಕಾರಿನ ಯಜಮಾನ ಅದನ್ನು ಜೋಪಾನವಾಗಿ ಓಡಿಸುತ್ತಾನೆ, ಓಡಿಸುವುದೇ ಅಪರೂಪ, ಆದ್ದರಿಂದ ಗುದ್ದಾಟವೂ ಅಪರೂಪ ಎಂಬುದು ಅವರ ಲೆಕ್ಕಾಚಾರ. ಇದರಲ್ಲಿ ವಿವೇಕವಿದೆ. ನಮ್ಮ ಕಂಪ್ಯೂಟರು ಹಳೆಯದನ್ನೆಲ್ಲ ಗುಜರಿ ಎಂದು ಓದುತ್ತದೆ. ಅವರದು ಹಳೆಯದನ್ನು ಮುದ್ದಿನದು ಎಂದು ಓದುತ್ತದೆ.

ಹಾಗೆಂದು ನಮ್ಮ ಸುಂಕಪಟ್ಟಿ ಬರೆದವರೇನೂ ಅರಸಿಕರಲ್ಲ. 1940ಕ್ಕೆ ಮುಂಚಿನ ಕಾರಿಗೆ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ತಂದರೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇ 25 ಸೋಡಿ ಎಂದು ಬರೆದಿದ್ದಾರೆ. ಆಟೋಮೊಬೈಲ್ ಅಸೋಸಿಯೇಷನ್ ಸದಸ್ಯರಿಗೆ ಶೇ 5, ಆದರೆ 200 ರೂಪಾಯಿ ಮೀರಬಾರದು. ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಒಪ್ಪಿದ ಕಳ್ಳತನ ನಿರೋಧಕ ಸಾಧನವಿದ್ದರೆ ಶೇ 2.5, ಗರಿಷ್ಠ 500. ನಮ್ಮ ಕಾರಿನ ಕಳ್ಳತನ ನಿರೋಧಕ ಸಾಧನ ಅದರ ಚೋಕು ಮತ್ತು ಗೇರು. ಈ ಕಾಲದ ಯಾವ ಕಳ್ಳನೂ ಅದನ್ನು ಮೊದಲನೇ ಗೇರಿಗೆ ಹಾಕಲಾರ. ಆದರೆ ಎಆರ್‌ಎಐ ಇದನ್ನು ಇನ್ನೂ ಪರೀಕ್ಷಿಸಿಲ್ಲ. ತಿಂಗಳುಗಟ್ಟಲೆ ಹೊರಗೆ ತೆಗೆಯದವರಿಗೆ ‘ಲೇ-ಅಪ್’ ಎಂಬ ಏರ್ಪಾಡೂ ಹಳೆಯ ಪಟ್ಟಿಯಲ್ಲಿದೆ: ಅಷ್ಟು ದಿನ ಬೆಂಕಿ, ಕಳವು ಬಿಟ್ಟು ಮಿಕ್ಕ ರಕ್ಷಣೆ ಮಲಗಿರುತ್ತದೆ, ಹಣದಲ್ಲಿ ಸ್ವಲ್ಪ ವಾಪಸು.

ಕೊನೆಗೆ ನಮ್ಮೆದುರು ಉಳಿದದ್ದು ಇಷ್ಟು: ಕಾನೂನಿಗೆ ಬೇಕಾದ ಬರೀ ಥರ್ಡ್ ಪಾರ್ಟಿ, ಅದರ ಜೊತೆಗೆ ಬೆಂಕಿ ಮತ್ತು ಕಳವು, ಇಲ್ಲವೇ ಪೂರ್ತಿ ಪಾಲಿಸಿ, ಆದರೆ ಮರ್ಯಾದೆಯ ಐಡಿವಿಯೊಂದಿಗೆ. 20 ಸಾವಿರದ ಪೂರ್ತಿ ಪಾಲಿಸಿ ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು. ನಾನು ಎರಡೂವರೆ ಲಕ್ಷ ಕೇಳಿದೆ. ಹಳೆಯ ಪಟ್ಟಿಯ ಲೆಕ್ಕದಲ್ಲಿ ಸ್ವಂತ ಹಾನಿಯ ದರ ನೂರಕ್ಕೆ ಮೂರೂವರೆ ರೂಪಾಯಿ ಆಸುಪಾಸು. ಅಂದರೆ 20 ಸಾವಿರಕ್ಕೆ 700 ಆದರೆ ಎರಡೂವರೆ ಲಕ್ಷಕ್ಕೆ 8,750. 2007ರಿಂದ ಈ ದರದ ಮೇಲಿನ ಕಟ್ಟುಪಾಡು ಸಡಿಲವಾಗಿದೆ, ಚೌಕಾಸಿಗೆ ಜಾಗವಿದೆ. ಎರಡು ಕಂಪನಿಯವರು ಆಗುವುದಿಲ್ಲ ಎಂದರು. ಮೂರನೆಯವರು ಗಾಡಿ ನೋಡಿ ಹೇಳುತ್ತೇವೆ ಎಂದರು.

ನೋಡಲು ಬಂದವನು ಇಪ್ಪತ್ತೈದರ ಹುಡುಗ. ಕೈಯಲ್ಲಿ ಮೊಬೈಲು, ಅದರಲ್ಲಿ ಆ್ಯಪು. ಮೀಟರಿನ ಫೋಟೋ ತೆಗೆದು, “ಬರೀ 43 ಸಾವಿರ ಓಡಿದೆಯಾ ಸಾರ್!” ಎಂದು ಬೆರಗಾದ. ಅದು ಐದಂಕಿಯ ಮೀಟರು, 99,999 ಆದಮೇಲೆ ಸೊನ್ನೆಗೆ ಬರುತ್ತದೆ, ಎಷ್ಟು ಸಲ ಬಂದಿದೆ ಎಂದು ಮಾವನೊಬ್ಬರಿಗೇ ಗೊತ್ತಿತ್ತು ಎಂದೆ. ಆ ಮೇಲೆ ಚಾಸಿಸ್ ನಂಬರು ಬೇಕೆಂದ. ಹದಿನೇಳು ಅಕ್ಷರ ಇರಬೇಕಂತೆ. ಆ್ಯಪು ಅದಕ್ಕಿಂತ ಕಮ್ಮಿ ಒಪ್ಪುವುದಿಲ್ಲವಂತೆ. ಮೆಕ್ಯಾನಿಕ್ ಸಾಹೇಬರು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತಂದು, ಐದು ದಶಕದ ಜಿಡ್ಡನ್ನು ಸ್ಕ್ರೂಡ್ರೈವರಿನಿಂದ ಹದವಾಗಿ ಕೆರೆದು ಒರೆಸಿದರು. ಕಪ್ಪಿನ ಅಡಿಯಿಂದ ಬೂದು, ಬೂದಿನ ಅಡಿಯಿಂದ ಲೋಹ, ಲೋಹದಲ್ಲಿ ಒಂದೊಂದಾಗಿ ಅಂಕಿ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಟ್ಟರು. ಆ ಹುಡುಗ ಕಾಗದವನ್ನೂ ಕಾರನ್ನೂ ನೋಡಿ, ಆ್ಯಪನ್ನು ಮುಚ್ಚಿ ಜೇಬಿಗಿಟ್ಟು, “ಒಂದು ರೌಂಡ್ ಕೂತ್ಕೊಳ್ಲಾ ಸಾರ್?” ಎಂದ. ಕೂರಿಸಿಕೊಂಡು ಕುಕ್ಕರಹಳ್ಳಿ ಕೆರೆ ತನಕ ಹೋಗಿ ಬಂದೆ. ಕಾರು ಎಲ್ಲೂ ನಿಲ್ಲಲಿಲ್ಲ; ಅಂಥ ಸಮಯಪ್ರಜ್ಞೆ ಅದಕ್ಕಿದೆ ಎಂದು ನನಗೂ ಗೊತ್ತಿರಲಿಲ್ಲ. ಬಿಲ್ಲುಗಳ ಕಟ್ಟು, ನಾಲ್ಕು ದಿಕ್ಕಿನ ಫೋಟೋ, ಒಬ್ಬ ಲೈಸೆನ್ಸ್ ಇರುವ ಸರ್ವೇಯರರ ಮೌಲ್ಯಮಾಪನ ಪತ್ರ ಎಲ್ಲ ಅವನ ಕೈಗಿಟ್ಟೆ. ವಾರದಲ್ಲಿ ಐಡಿವಿ 2,20,000 ಎಂದು ಪಾಲಿಸಿ ಬಂತು.

ಹೆಂಡತಿ ಮತ್ತೆ ಕನ್ನಡಕ ಹಾಕಿಕೊಂಡಳು. “ಕಾರಿಗೆ ಹನ್ನೊಂದು ಪಟ್ಟು ಏರಿಸಿದ್ದಾರೆ. ನಿಮ್ಮದು ಅಷ್ಟೇ ಇದೆ” ಎಂದಳು.

ಮನೆಯ ಶೆಡ್ಡಿನಲ್ಲಿ ಹಳೆಯ ಫಿಯಟ್ಟೋ, ಅಂಬಾಸಿಡರೋ, ಸ್ಟ್ಯಾಂಡರ್ಡ್ ಹೆರಾಲ್ಡೋ ಇಟ್ಟುಕೊಂಡವರು ಇವತ್ತೇ ಪಾಲಿಸಿ ತೆಗೆದು ಎರಡು ಸಾಲು ನೋಡಿ. ಮೊದಲನೆಯದು ಹೆಸರು: ಅದು ಫೋಟೋದಲ್ಲಿ ಹಾರ ಹಾಕಿಸಿಕೊಂಡಿರುವ ಯಜಮಾನರದ್ದಾಗಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ. ಎರಡನೆಯದು ಐಡಿವಿ: ಅದು ನಿಮ್ಮ ನಾಲ್ಕು ಟೈರಿನ ಬೆಲೆಯ ಹತ್ತಿರದಲ್ಲಿದ್ದರೆ ಏಜೆಂಟರಿಗೆ ಫೋನು ಮಾಡಿ, ಬೆಲೆ ಮಾತಾಡಿಕೊಳ್ಳುವ ಹಕ್ಕು ನನಗಿದೆಯಂತೆ ಎನ್ನಿ. ಫೋನು ಮಧ್ಯಾಹ್ನ ಮಾಡಬೇಡಿ, ನಮ್ಮ ಏಜೆಂಟರಂತೂ ಮಲಗಿರುತ್ತಾರೆ.